ಬನಿಯಾಸಿನಲ್ಲಿ ಒರತೆ

ಒಂದೇ ಒಂದು ಸೊಳ್ಳೆ ಬನಿಯಾಸಿನ ವಿಲ್ಲಾದ ಅರಬ್ ಮಾಲಕನ ಮೂಗಿನ ಮೇಲೆ ಕೂತದ್ದೇ ತಡ, ಬಾಡಿಗೆಗಿದ್ದ ಕ್ಯಾಮಿಲಸನ ಗ್ರಹಚಾರ ಕೆಟ್ಟಿತು.

ಹಿತ್ತಲಿನ ಪುಟ್ಟ ಈಜುಕೊಳಕ್ಕೆ ಬೇಸಿಗೆಯಿಡೀ ಯಾರೂ ಇಳಿದಿರಲಿಲ್ಲ. ಆ ಸೆಕೆಯಲ್ಲಿ ಇಳಿಯುವುದೆಂದರೆ ಬಚ್ಚಲ ಹಂಡೆಗೆ ಇಳಿದ ಹಾಗೆ. ಅಕ್ಟೋಬರ್ ಮುಗಿಯುವಾಗ ನೀರು ಹಸಿರುಗಟ್ಟಿ, ಸೊಳ್ಳೆಗಳ ತವರುಮನೆಯಾಗಿತ್ತು.

"ಭಾನುವಾರ ಸಂಜೆ ಐದಕ್ಕೆ ಬರ್ತೇನೆ. ಕ್ಲೀನ್ ಆಗದಿದ್ದರೆ ಮರಳು ತುಂಬಿಸಿ ಕಾರು ನಿಲ್ಲಿಸ್ತೇನೆ. ಖಲಾಸ್," ಎಂದ ಮಾಲಕ ಹರಕು ಹಿಂದಿಯಲ್ಲಿ.

ಕ್ಯಾಮಿಲಸ್ ಹತ್ತೊಂಬತ್ತು ವರ್ಷ ಹೋಟೆಲಿನ ಈಜುಕೊಳದ ಸುತ್ತ ಕೋಟು ಹಾಕಿಕೊಂಡು ಓಡಾಡಿದ ಮನುಷ್ಯ. ಒಮ್ಮೆಯೂ ಕಾಲು ಅದ್ದಿದವನಲ್ಲ. ಭಾನುವಾರದ ಒಂದೇ ರಜೆಯಲ್ಲಿ ತನ್ನದೇ ಹಿತ್ತಲಲ್ಲಿ ಮುಳುಗು ಹಾಕಬೇಕೆಂದೇ ಈ ಮನೆ ಹಿಡಿದಿದ್ದ.

ಭಾನುವಾರ ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಮಮ್ಮು ಗೋಡೆಯ ಮೇಲಿಂದ ಇಣುಕಿದ. ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ.

"ಮದ್ದುಗಿದ್ದು ಬೇಡ ಕ್ಯಾಮಿಲಸ್ ಪೊರ್ಬುಗಳೇ. ಊರಲ್ಲಿ ಬಾವಿ ಹೇಗೆ ಕ್ಲೀನ್ ಮಾಡುವುದು? ಪಂಪಿಟ್ಟು ಪೂರ್ತಿ ಖಾಲಿ ಮಾಡುವ, ಉಜ್ಜುವ. ಅಷ್ಟೇ ಮಾರಾಯ್ರೆ."

ಪಂಪು ಶುರುವಾದೊಡನೆ ಪೈಪು ಕಳಚಿ ಕ್ಯಾಮಿಲಸನಿಗೆ ಹಸಿರು ಸ್ನಾನ ಮಾಡಿಸಿತು. ಪಾಚಿಯ ಮೇಲೆ ಮಮ್ಮು ಎರಡು ಸಲ ಜಾರಿ ಬಿದ್ದ. ಆದರೂ ಮಧ್ಯಾಹ್ನ ಒಂದು ಗಂಟೆಗೆ ನೀಲಿ ಟೈಲ್ಸುಗಳು ಫಳಫಳ ಹೊಳೆದವು. ಗೆದ್ದೆವೆಂದು ಇಬ್ಬರೂ ಅಂಚಿನಲ್ಲಿ ಕಾಲು ಇಳಿಬಿಟ್ಟು ಚಾ ಹಿಡಿದು ಕೂತರು.

ಎರಡು ಗಂಟೆಗೆ ಕ್ಯಾಮಿಲಸನ ಹೆಂಡತಿ ಎಮಿಲಿಯಾ ಹೊರಗೆ ಬಂದಳು. ಜೊತೆಗೆ ಮಮ್ಮುವಿನ ಹೆಂಡತಿ ಮೆಹರುನ್ನಿಸ.

"ಯಾರನ್ನು ಕಾಯ್ತಾ ಇದ್ದೀರಿ?" ಕೇಳಿದಳು ಎಮಿಲಿಯಾ.

"ಒರತೆ ಬರ್ಬೇಕಲ್ಲ ಎಮಿಲಿಯಾಬಾಯಿ," ಎಂದ ಮಮ್ಮು.

"ಸ್ವಲ್ಪ ಟೈಮ್ ತಗೊಳ್ತದೆ," ಕ್ಯಾಮಿಲಸ್ ದನಿಗೂಡಿಸಿದ.

"ಸಿಮೆಂಟಿನ ಅಡಿಯಿಂದ?"

ಇಬ್ಬರೂ ಕೊಳದ ತಳ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲ್ಲಿ ಬಿಟ್ಟರೆ ತುಂಬಲು ಎರಡು ದಿನ ಬೇಕು. ಕ್ಯಾಮಿಲಸನಿಗೆ ಅಳುವೇ ಬಂತು.

ಗಂಡಸರು ತಲೆಯ ಮೇಲೆ ಕೈಹೊತ್ತು ಕೂತಿರುವಾಗ ಹೆಂಗಸರಿಬ್ಬರೂ ಫೋನು ಹಿಡಿದರು. ನಾಲ್ಕಕ್ಕೆ ಎರಡು ನೀರಿನ ಟ್ಯಾಂಕರುಗಳು ಬಂದು ನಿಂತವು.

ಐದಕ್ಕೆ ಮಾಲಕ ಹೆಂಡತಿಯೊಡನೆ ಬಂದ. ನೀರಿನಡಿಯ ಟೈಲ್ಸುಗಳನ್ನು ಎಣಿಸಬಹುದಿತ್ತು. ಮಾಲಕ ನಕ್ಕು, ಗೇಟಿನಾಚೆ ತಂದು ನಿಲ್ಲಿಸಿದ್ದ ಮರಳಿನ ಲಾರಿಯನ್ನು ವಾಪಸು ಕಳುಹಿಸಿದ. ಅವನ ಹೆಂಡತಿ ಎಮಿಲಿಯಾಳ ಜೊತೆ ಅರಬಿಯಲ್ಲಿ ಬಹಳ ಹೊತ್ತು ಮಾತಾಡಿದಳು. ನರ್ಸಾಗಿದ್ದ ಎಮಿಲಿಯಾಳಿಗೆ ಅರಬಿ ನೀರು ಕುಡಿದಷ್ಟು ಸಲೀಸು. ಅರಬಿ ಅರ್ಥವಾಗದ ಕ್ಯಾಮಿಲಸ್ ತನ್ನನ್ನೇ ಹೊಗಳುತ್ತಿದ್ದಾರೆಂದು ಎದೆಯುಬ್ಬಿಸಿ, ಮಾತುಮಾತಿಗೂ ತಲೆಯಾಡಿಸಿದ.

ಅವರು ಹೋದದ್ದೇ ಒಳಗೆ ಓಡಿ ಚಡ್ಡಿ ತೊಟ್ಟು ಬಂದರೆ, ಹಿತ್ತಲ ಬಾಗಿಲಿಗೆ ಆಚೆಯಿಂದ ಚಿಲಕ. ಆಚೆ ನೀರು ಚಿಮ್ಮುವ ಸದ್ದು, ಕಿಲಕಿಲ ನಗು.

"ಎಮಿಲಿ, ಬಾಗಿಲು ತೆಗಿ. ಮೊದಲ ಮುಳುಗು ನನ್ನದು."

"ನೀರು ತರಿಸಿದ್ದು ಯಾರು? ಮೆಹರುನ್ನಿಸ ಇಳಿದಿದ್ದಾರೆ, ಈಚೆ ಬರ್ಬೇಡಿ."

"ಆಯ್ತು, ಮುಂದಿನ ಭಾನುವಾರ ನನ್ನದು."

"ಮುಂದಿನ ಭಾನುವಾರ ಮಾಲಕರ ಹೆಂಡತಿ, ಅತ್ತೆ, ಐದು ಜನ ನಾದಿನಿಯರು ಬರ್ತಾರೆ. ಇನ್ನು ಪ್ರತಿ ಭಾನುವಾರ ಹೆಂಗಸರಿಗೆ ಮಾತ್ರ ಅಂತ ಮಾತಾಯ್ತಲ್ಲ. ನೀವು ಎಲ್ಲದಕ್ಕೂ ತಲೆ ಆಡಿಸಿ ಒಪ್ಪಿದ್ದು ಅವರಿಗೆ ಭಾರೀ ಖುಷಿಯಾಯ್ತಂತೆ."