ಅಳಿಯನ ಗೋಲು, ಮಾವನ ಅಂಕಿಸಂಖ್ಯೆ

ಸೋತವರಿಗೆ ಅಂಕಿಸಂಖ್ಯೆಯಷ್ಟು ಆಪ್ತಬಂಧು ಇನ್ನೊಬ್ಬನಿಲ್ಲ. ಗೆದ್ದವರು ಗೋಲು ಎಣಿಸಿ ಮನೆಗೆ ಹೋಗುತ್ತಾರೆ. ಮಿಕ್ಕಿದ್ದನ್ನೆಲ್ಲ ಎಣಿಸುವ ಪುಣ್ಯ ಸೋತವರದು. ಈ ಜ್ಞಾನ ನನಗೆ ಬಂದದ್ದು ನಾರಾಯಣಖೇಡದ ನಮ್ಮ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದ ಮೇಲೆ. ನಾನು ಜನ್ಮದಲ್ಲಿ ಚೆಂಡು ಒದ್ದವನಲ್ಲ. ಗಣಿತದ ಮಾಸ್ತರ, ಕೂರಲು ಕುರ್ಚಿಯನ್ನು ತಾನೇ ತರುತ್ತಾನೆ, ಇಷ್ಟು ಅರ್ಹತೆ ಸಾಕೆಂದು ಹುಡುಗರು ತೀರ್ಮಾನಿಸಿದರು. ನಾನೋ ಅದನ್ನು ನಿಜವೆಂದೇ ನಂಬಿ, ಆಟದ ಲೆಕ್ಕ ಇಡುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಚೆಂಡು ಯಾರ ಬಳಿ ಎಷ್ಟು ಹೊತ್ತು ಇತ್ತು, ಎಷ್ಟು ಪಾಸು, ಎಷ್ಟು ಫೌಲು, ಎಲ್ಲಕ್ಕೂ ಒಂದೊಂದು ಗುಂಡಿ. ಹೆಂಡತಿ ನೋಡಿ, ಮನೆಯಲ್ಲಿ ಗ್ಯಾಸ್ ಮುಗಿದದ್ದನ್ನು ತಿಳಿಸುವ ಗುಂಡಿಯೂ ಇದೆಯೇ ಎಂದು ವಿಚಾರಿಸಿದಳು.

ದೀಪಾವಳಿಗೆ ಜಹೀರಾಬಾದಿನ ತಂಡ ನಮ್ಮೂರಿಗೆ ಆಡಲು ಬಂತು. ಆ ತಂಡದಲ್ಲಿ ಗೋಲು ಹೊಡೆಯುವವನು ನನ್ನ ಹೊಸ ಅಳಿಯ. ಅಲ್ಲಿಯ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾದ ಮೊದಲ ದೀಪಾವಳಿ, ಆದ್ದರಿಂದ ಅಳಿಯಂದಿರು ನಮ್ಮ ಮನೆಯಲ್ಲೇ ಇದ್ದರು. ತುಪ್ಪ ಹಾಕಿದ ಹೋಳಿಗೆ ಉಂಡು ನೇರ ಮೈದಾನಕ್ಕೆ ಬಂದರು. ಈ ಹೊಟ್ಟೆ ಹೊತ್ತು ಓಡುವುದುಂಟೇ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಓಡಿದರು. ನಾವು ಮೂರು ಗೋಲುಗಳಿಂದ ಸೋತೆವು, ಮೂರೂ ಅಳಿಯಂದಿರು ಹೊಡೆದದ್ದೇ. ಆದರೆ ನನ್ನ ಫೋನು ಬೇರೆಯೇ ಹೇಳುತ್ತಿತ್ತು. ಚೆಂಡು ಮುಕ್ಕಾಲು ಹೊತ್ತು ನಮ್ಮ ಬಳಿ, ಪಾಸುಗಳು ಎದುರು ತಂಡದ ಎರಡರಷ್ಟು, ಫೌಲು ಒಂದೂ ಇಲ್ಲ. ಚೆಂಡು ಪಕ್ಕದ ತೊಗರಿ ಹೊಲಕ್ಕೆ ಬಿದ್ದು ಕಾಣದಾದ ಹೊತ್ತೂ ನಮ್ಮ ಲೆಕ್ಕಕ್ಕೇ ಸೇರಿತ್ತು, ನಿಜ. ಹುಡುಕುತ್ತಿದ್ದವರು ನಮ್ಮ ಹುಡುಗರೇ ತಾನೆ? ಇಷ್ಟು ಚೆನ್ನಾಗಿ ಆಡಿ ಸೋತ ತಂಡ ನಮ್ಮ ಸೀಮೆಯಲ್ಲೇ ಇರಲಿಕ್ಕಿಲ್ಲ.

ಮರುದಿನ ಚಹಾದ ಅಂಗಡಿಯಲ್ಲಿ ತಂಡವನ್ನು ಕೂರಿಸಿಕೊಂಡು ಗಣಿತ ಹೇಳಿದೆ. ಅಂಕಿಗಳ ಪ್ರಕಾರ ಎಲ್ಲರೂ ಚೆನ್ನಾಗಿ ಆಡಿದ್ದಾರೆ. ಹಾಗಾದರೆ ಸೋಲಿನ ಹೊಣೆಗೆ ಉಳಿದವನು ಗೋಲ್‌ಕೀಪರ್ ಬಸಣ್ಣ ಒಬ್ಬನೇ. ಮುಂದೆ ತಾಂಡೂರಿನಲ್ಲಿ ಆಡಲಿರುವ ಪಂದ್ಯಕ್ಕೆ ಗೋಲಿನಲ್ಲಿ ಬೇರೆಯವರನ್ನು ನಿಲ್ಲಿಸೋಣ ಎಂದೆ. ಬಸಣ್ಣ ಪಂಕ್ಚರ್ ಅಂಗಡಿಯವನು. ದಿನವಿಡೀ ಕಂಡವರ ಟೈರಿಗೆ ಬಗ್ಗುವ ಆಸಾಮಿ ಊರ ಮುಂದೆ ಎದೆಯೆತ್ತಿ ನಿಲ್ಲುವ ಜಾಗ ಅದೊಂದೇ. ಮುಖ ಸಣ್ಣದು ಮಾಡಿಕೊಂಡ. ನನಗೂ ಕೆಡುಕೆನಿಸಿತು, ಆದರೆ ಅಂಕಿಯ ಮುಂದೆ ಕನಿಕರ ನಡೆಯುತ್ತದೆಯೇ? ಅವನು ಚಹಾದ ಲೋಟ ಕೆಳಗಿಟ್ಟ.

"ಮಾಸ್ತರ್ರೀ, ಸಿಟ್ಟಾಗಬ್ಯಾಡ್ರಿ. ಅಳಿಯಂದ್ರು ಚೆಂಡು ತಗೊಂಡು ಓಡಿ ಬಂದಾಗೆಲ್ಲಾ ನೀವು ಕುರ್ಚಿ ಬಿಟ್ಟು ಎದ್ದು 'ಬರ್ರಿ, ಬರ್ರಿ' ಅಂತಿದ್ರಿ. ಊರ ಅಳಿಯ, ಮ್ಯಾಲ ಮಾವನೇ ಕರಿಯಾಕತ್ತಾರ. ನಾವು ಅಡ್ಡ ಹ್ಯಾಂಗ ನಿಲ್ಲೋದ್ರಿ?"

ದೇವರಾಣೆ, ನನಗೆ ಇದರ ಪರಿವೆಯೇ ಇರಲಿಲ್ಲ. ನಮ್ಮ ಕಡೆ ಅಳಿಯ ಎದುರು ಬಂದರೆ ಮಾವನ ಮೊಣಕಾಲು ತಾನಾಗಿ ನೆಟ್ಟಗಾಗುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ. ಈಗ ಒಬ್ಬೊಬ್ಬರೇ ಬಾಯಿಬಿಟ್ಟರು. ನನ್ನ ಕರೆ ಕೇಳಿ ಎಲ್ಲರೂ ದಾರಿ ಬಿಟ್ಟಿದ್ದರು; ಒಬ್ಬನಂತೂ ಕುಡಿಯಲು ನೀರು ಬೇಕೇ ಎಂದು ಕೇಳುವವನಿದ್ದನಂತೆ. ಫೌಲು ಒಂದೂ ಇಲ್ಲವೆಂದು ನಾನು ಶಿಸ್ತಿನ ಮಾದರಿಯಾಗಿ ತೋರಿಸುತ್ತಿದ್ದದ್ದು ಇದನ್ನು. ನಾಚಿಕೆಯಿಂದ ಫೋನನ್ನು ಜೇಬಿಗೆ ಹಾಕಿಕೊಂಡೆ.

ತಾಂಡೂರಿನಲ್ಲೂ ನಮ್ಮ ಎದುರಾಳಿ ಅದೇ ಜಹೀರಾಬಾದು. ಗೋಲಿನಲ್ಲಿ ಬಸಣ್ಣನೇ ಇರಲಿ, ಮಾಸ್ತರು ಅಂದು ಮನೆಯಲ್ಲಿರಲಿ ಎಂದು ಯಾರೋ ಸೂಚಿಸಿದರು. ಕೈ ಎತ್ತಿಸಿ ನೋಡೋಣ ಎಂದು ನಾನೇ ಧೈರ್ಯ ಮಾಡಿದೆ. ಎಲ್ಲರೂ ಎತ್ತಿದರು. ಲೆಕ್ಕಕ್ಕೆ ಸೇರದ ಚಹಾದ ಅಂಗಡಿಯವನೂ ಎತ್ತಿದ. ನೂರಕ್ಕೆ ನೂರು. ಅಂಕಿಸಂಖ್ಯೆಯನ್ನು ಯಾವತ್ತೂ ನಂಬಬಾರದು ಎಂದು ನನಗೆ ಖಾತ್ರಿಯಾದದ್ದು ಆಗಲೇ.