ನಿದ್ದೆಗೆಟ್ಟ ಪಲ್ಯ

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ನಿದ್ದೆ ಮಾಡುವ ಇನ್ನೊಬ್ಬನನ್ನು ರಾಯಚೂರು ಜಿಲ್ಲೆ ಇನ್ನೂ ಹೆತ್ತಿಲ್ಲ! ಸೋಮಾರಿ ಅಂದುಕೊಂಡೀರಿ, ಜೋಕೆ. ಕೋಳಿಗಿಂತ ಮೊದಲೇ ಎದ್ದು ಮಾನ್ವಿಯ ತನ್ನ ತೋಟಕ್ಕೆ ನೀರು ಕಟ್ಟುತ್ತಿದ್ದವನು ಅವನು. ಆದರೆ ಮಧ್ಯಾಹ್ನ ಉಂಡು ಬೇವಿನ ನೆರಳಿನ ಹೊರಸಿಗೆ ಬೆನ್ನು ತಾಗಿಸಿದನೋ, ಮುಗಿಯಿತು. ಪ್ರಳಯ ಬಂದರೆ ಅದೂ ಸಂಜೆತನಕ ಅಂಗಳದಲ್ಲಿ ಕೂತು ಕಾಯಬೇಕು.

ತಾನೊಬ್ಬ ಮಲಗಿದರೆ ಸಾಲದು, ಜಗತ್ತೂ ಮಲಗಬೇಕು! ಹಾಲು ಉಕ್ಕಿದರೆ, "ನಿದ್ದಿ ಸಾಲದ ಸಿಟ್ಟಿಗೆದ್ದದ" ಎನ್ನುತ್ತಿದ್ದ. ಒಮ್ಮೆ ದೇವದುರ್ಗದ ಬಸ್ಸು ನಡುದಾರಿಯಲ್ಲಿ ಹೊಗೆ ಉಗುಳಿ ನಿಂತಿತು. ಡ್ರೈವರ್ ಪಾನಾ ಹಿಡಿದು ಕುಟ್ಟತೊಡಗಿದ. ಮಾವ ಇಳಿದು ಹೋಗಿ ಅವನ ಕೈ ಹಿಡಿದ.

"ಹೊಡಿಬ್ಯಾಡಪಾ. ಅದಕ್ಕ ನಿದ್ದಿ ಬಂದದ. ಒಂದ್ ತಾಸು ಬಿಡು."

ಬೇರೆ ದಾರಿಯಿಲ್ಲದೆ ಎಲ್ಲರೂ ಬೈಯುತ್ತ ಜಾಲಿಯ ನೆರಳಿಗೆ ಕೂತರು. ತಾಸಿನ ಮೇಲೆ ಇಂಜಿನ್ ತಣ್ಣಗಾಗಿ ಗುರ್ ಎಂದಿತಲ್ಲ! ಅಂದಿನಿಂದ ಆ ಡ್ರೈವರ್ ಮಾವನ ಹತ್ತಿರ ಟಿಕೀಟು ಕೇಳಲೇ ಕಂಡಕ್ಟರನಿಗೆ ಬಿಡಲಿಲ್ಲ ಎಂದು ಮಾವ ಹೇಳುತ್ತಿದ್ದ. ಕಂಡಕ್ಟರ್ ಹೇಳುತ್ತಿದ್ದುದು ಬೇರೆ: "ಮಲಗಿದವನ್ನ ಎಬ್ಬಿಸಿ ಟಿಕೀಟು ಕೊಡೂದು ಯಾರಿಂದ ಆಗ್ತದ್ರೀ?"

ಇಂಥವನ ಅಳಿಯ ನಾನು. ಅಪ್ಪ ತೀರಿಕೊಂಡ ವರ್ಷ ಏಳನೇ ಇಯತ್ತೆಗೇ ಪಾಟೀಚೀಲ ಇಳಿಸಿ ಗಿರಣಿಯ ಅಕ್ಕಿಚೀಲ ಹೊತ್ತೆ. ಹೊರುತ್ತ ಹೊರುತ್ತಲೇ ಇಂಜಿನ್ ಕಲಿತು, ಗಿರಣಿಯ ಪಕ್ಕದ ತಗಡಿನ ಕೋಣೆಯಲ್ಲಿ ನನ್ನದೇ ಒಲೆ ಹೂಡಿದೆ. ಯಾರ ಹಂಗಿನ ತುತ್ತನ್ನೂ ಉಂಡಿಲ್ಲ.

"ಆವತ್ತಿನಿಂದ ನೀ ಮಲಗೇ ಇಲ್ಲ ನೋಡಲೇ" ಎನ್ನುತ್ತಿದ್ದ ಮಾವ.

"ಮಲಗಿದವ್ರಿಗೆ ಪಗಾರ ಕೊಡೂದಿಲ್ಲ ಮಾವಾ."

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮದುವೆ ಗೊತ್ತಾಯಿತು. ಹೆಣ್ಣು ಕಲ್ಮಲದವಳು. ಅಪ್ಪನ ಜಾಗದಲ್ಲಿ ಮಾವನೇ ಮಾತುಕತೆಗೆ ಕೂತ. ಹೆಣ್ಣಿನ ಚಿಕ್ಕಪ್ಪ ಮೀಸೆಯಲ್ಲೇ ನಕ್ಕು ಕೇಳಿದ: "ಬೀಗರೂಟಕ್ಕ ಏನು ಉಣಸ್ತೀರಿ? ಅದ ಬದ್ನಿಕಾಯಿ ಏನು?"

ಅಪ್ಪನಿಲ್ಲದ ಹುಡುಗನೆಂದು ಆಡಿದ ಮಾತು ಅದು. ಮಾವನಿಗೆ ಚುರುಕ್ಕೆಂದಿತು. "ನಿಮ್ಮ ಮುತ್ತ್ಯಾನೂ ಕಂಡಿರಬಾರದು, ಅಂಥ ಪಲ್ಯ ಉಣಸ್ತೀನಿ!" ಎಂದುಬಿಟ್ಟ.

ಯಾವ ಪಲ್ಯ? ಅದು ಅವನಿಗೂ ಗೊತ್ತಿರಲಿಲ್ಲ! ಮರುದಿನವೇ ರಾಯಚೂರಿನ ಕಾಯಿಪಲ್ಯೆ ಬಜಾರಿಗೆ ಓಡಿ, ತನ್ನ ಹಳೆಯ ದೋಸ್ತ ಸಾಹೇಬರ ಮುಂದೆ ಕೂತ. ಅವರು ಹೈದರಾಬಾದಿನಿಂದ ಬಂದ ಒಂದು ಚಿಟಿಕೆ ಬೀಜ ಕೊಟ್ಟರು. ಈಗ ಎಲ್ಲರೂ ಬ್ರೊಕೋಲಿ ಅನ್ನುತ್ತಾರಲ್ಲ, ಅದೇ. ಅದರಲ್ಲೂ ಕವಲು ಕವಲಿಗೆ ಪುಟ್ಟ ಮೊಗ್ಗಿನ ಗೊಂಚಲು ಬಿಡುವ ಜಾತಿ.

"ಹರಾ ಗೋಬಿ ಭಾಯ್! ಮೊಗ್ಗು ಬಿಗಿ ಇರೋವಾಗ್ಲೇ ಕೊಯ್ರಿ. ಧೂಪ್ ಲಗಾ ತೋ ಫೂಲ್ ಹೋ ಜಾತಾ. ಬಿಸಿಲು ಹತ್ತಿತು, ಹೂವಾಯ್ತು, ಖತಂ!"

ಚಳಿಯಲ್ಲಿ ಗಿಡಗಳು ಸೊಗಸಾಗಿ ಬಂದವು. ಬೆಳಗಿನ ಮಂಜಿನಲ್ಲಿ ನೀಲಿಹಸಿರು ಎಲೆಗಳ ಮೇಲೆ ಹನಿ ನಿಂತು, ತೋಟವೇ ಅರೆಗಣ್ಣು ಬಿಟ್ಟು ಕನಸು ಕಾಣುತ್ತಿರುವಂತೆ ಕಾಣುತ್ತಿತ್ತು. ನಡುವಿನ ಗೊಂಚಲು ಕೊಯ್ದಷ್ಟೂ ಪಕ್ಕದಲ್ಲಿ ಹೊಸವು ಮೂಡುತ್ತಿದ್ದವು. ಆದರೆ ಮದುವೆ ಇದ್ದದ್ದು ಶಿವರಾತ್ರಿಯ ನಂತರ. ನಮ್ಮ ಸೀಮೆಯಲ್ಲಿ ಬಿಸಿಲು ಶಿವರಾತ್ರಿಗೆ ಹೇಳಿ ಕೇಳಿ ಬರುತ್ತದೆಯೇ? ಆ ವರ್ಷ ಮಾಘದಲ್ಲೇ ಬಂದು ಅಂಗಳದಲ್ಲಿ ಕಾಲು ಚಾಚಿತು.

"ನಿದ್ದಿಗೆಟ್ಟರ ಹೂ ಬಿಡ್ತಾವ. ಬೀಗರೂಟದ ತನಕ ಮಲಗಿಸಿ ಇಡಬೇಕು" ಎಂದ ಮಾವ. ರಾಯಚೂರಿನ ಹಳೆಯ ನವಾಬಿ ಬಂಗಲೆಯೊಂದರಿಂದ ನಾಲ್ಕು ಖಸ್ ತಟ್ಟಿ ತಂದ. ಲಾವಂಚದ ಬೇರಿನಿಂದ ಹೆಣೆದ ಪರದೆಗಳವು. ಹಿಂದೆ ಅಧಿಕಾರಿಗಳ ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರಂತೆ. ಈಗ ಆ ವೈಭವ ಪಲ್ಯಕ್ಕೆ! ಗೂಟ ನೆಟ್ಟು, ಪುಂಡಿನಾರಿನಿಂದ ತಟ್ಟಿ ಬಿಗಿದು ಕಟ್ಟಿ, ತಾಸಿಗೊಮ್ಮೆ ನೀರು ಹೊಡೆದು, ಮೆಲ್ಲಗೆ ಜೋಗುಳವನ್ನೂ ಹಾಡುತ್ತಿದ್ದ. ತೋಟದ ಹತ್ತಿರ ಯಾರೂ ಕೆಮ್ಮುವಂತಿಲ್ಲ. ಕೊನೆಗೆ ನಮ್ಮ ಗಿರಣಿಗೇ ಬಂದ.

"ಸಾವ್ಕಾರ್ರ, ಮಷೀನು ತುಸು ಮೆಲ್ಲಗ ಓಡಸ್ರಿ. ಪಲ್ಯ ಮಲಗ್ಯಾದ."

"ನಿನ್ನ ಪಲ್ಯ ಮಲಗಿದ್ರ ನನ್ನ ಗಿರಾಕಿ ಉಪಾಸ ಮಲಗ್ತಾರ, ಹೋಗೋ ಮಾರಾಯಾ!"

ಅತ್ತೆ ನನ್ನ ಕಿವಿಯಲ್ಲಿ ಅಂದಳು: "ನನ್ನ ಮಕ್ಕಳಿಗೆ ಒಂದ್ ದಿನ ತೊಟ್ಲಾ ತೂಗಲಿಲ್ಲ ನೋಡು, ಈ ಪುಣ್ಯಾತ್ಮ!"

ಮದುವೆಗೆ ಸ್ವಲ್ಪವೇ ದಿನ ಇರುವಾಗ ನಾನು ಹಗಲು ಪಾಳಿ, ಸಂಜೆ ಪಾಳಿ ಎರಡನ್ನೂ ಎಳೆದು ಜ್ವರದಲ್ಲಿ ಬಿದ್ದೆ. ಕಾದ ತಗಡಿನ ಕೋಣೆಯಲ್ಲಿ ಎಷ್ಟು ದಿನ ಬಿದ್ದಿದ್ದೆನೋ ನೆನಪಿಲ್ಲ. ನೆನಪಿರುವುದು ಮಳೆ. ಕಿಟಕಿಯಲ್ಲಿ ಹನಿ ತೊಟ್ಟಿಕ್ಕುವ ಸಪ್ಪಳ, ಒದ್ದೆ ಮಣ್ಣಿನಂಥ ಘಮ, ಚೀಕಲಪರ್ವಿಯ ಹೊಳೆಯೇ ಹೊಸ್ತಿಲಿಗೆ ಬಂದಂಥ ತಂಗಾಳಿ. ಅಪ್ಪ ಸತ್ತ ಮೇಲೆ ಅಷ್ಟು ನಿಶ್ಚಿಂತೆಯಿಂದ ನಾನು ಮಲಗಿದ್ದು ಅದೇ ಮೊದಲು.

ಎದ್ದು ಮಳೆಯ ಮಾತೆತ್ತಿದರೆ ಗಿರಣಿಯವರೆಲ್ಲ ನಕ್ಕರು. "ಮಾಘದಾಗ ಮಳಿ? ಜ್ವರ ನೆತ್ತಿಗೇರ್ಯಾದ ಮದುಮಗಗ!"

ತೋಟಕ್ಕೆ ಹೋದರೆ ಎಲ್ಲಾ ಹಳದಿ! ಒಂದು ಹಸಿರು ಮೊಗ್ಗಿಲ್ಲ. ಸಾಸಿವೆಯ ಹೊಲದಂತೆ ಹೂವೋ ಹೂವು, ಮೇಲೆ ಜೇನುನೊಣಗಳ ಜಾತ್ರೆ. ತಟ್ಟಿಗಳು ಗೂಟದಲ್ಲೇ ಇದ್ದವು. ಮಾವ ಕುಕ್ಕರುಗಾಲಿನಲ್ಲಿ ಕೂತು ತಲೆ ಕೆರೆದುಕೊಂಡ.

"ನಾ ಮಲಗಿಬಿಟ್ಟೆ ನೋಡಲೇ. ಅವು ಎದ್ದುಬಿಟ್ವು."

ಬೀಗರೂಟದ ದಿನ ಅವನ ಮಾನ ಪಂಕ್ತಿಯ ನಡುವೆ ಹರಾಜಾಯಿತು. ಎಲೆಗೆ ಬಿದ್ದದ್ದು ಬದನೆಕಾಯಿ! ಹೆಣ್ಣಿನ ಚಿಕ್ಕಪ್ಪ ಒಂದು ಹಳದಿ ಗೊಂಚಲು ಎತ್ತಿ ಹಿಡಿದು, "ಏನ್ರೀ ಇದು, ಪಲ್ಯಾನೋ ಮದುಮಗಳ ಹೂವಿನ ದಂಡಿನೋ?" ಎಂದ. ಮಾವ ಹೋಳಿಗೆ ಬಡಿಸುತ್ತ, "ನಿದ್ದಿ ಮಾಡಿ ಕೆಟ್ಟೆರೀ ಯಪ್ಪಾ" ಎಂದು ಅವರಿಗಿಂತ ಜೋರಾಗಿ ನಕ್ಕ. ನನ್ನ ಹೆಂಡತಿ ಮಾತ್ರ ಚಿಕ್ಕಪ್ಪನ ಕೈಯಿಂದ ಆ ಗೊಂಚಲು ತೆಗೆದುಕೊಂಡು ಸುಮ್ಮನೆ ಮುಡಿದುಕೊಂಡಳು.

ಊಟ ಮುಗಿದ ಮೇಲೆ ಅವಳಿಗೆ ನನ್ನ ತಗಡಿನ ಕೋಣೆ ತೋರಿಸಲು ಕರೆದೊಯ್ದೆ. ಹೊಸ್ತಿಲಲ್ಲೇ ನಿಂತಳು.

"ಇಲ್ಲಿ ಯಾರು ಅತ್ತರ ಚೆಲ್ಯಾರ?"

"ಗಿರಣಿ ಕೋಣ್ಯಾಗ ಅತ್ತರ ಎಲ್ಲಿಂದ ಬರ್ಬೇಕು?"

ಅವಳು ಕಿಟಕಿಯ ಹತ್ತಿರ ಹೋಗಿ ಸರಳಿನಿಂದ ಏನನ್ನೋ ಬಿಡಿಸಿ ನನ್ನ ಅಂಗೈಗಿಟ್ಟಳು. ಪುಂಡಿನಾರಿನ ಗಂಟು; ಅದರೊಳಗೆ ಸಿಕ್ಕಿಕೊಂಡ ನಾಲ್ಕು ಎಳೆ ಲಾವಂಚದ ಬೇರು. ತೋಟದ ಗೂಟಗಳಿಗೆ ಮಾವ ಹಾಕಿದ್ದ ಗಂಟೇ ಅದು. ಮೂಸಿದೆ. ನನ್ನ ಮಾಘದ ಮಳೆ!

ಮರಳಿ ಬಂದಾಗ ಮಾವನ ಅಂಗಳ ನಿಶ್ಶಬ್ದವಾಗಿತ್ತು. ಮಾವ ಹೊರಸಿನ ಮೇಲೆ ಬಾಯಿ ತೆರೆದು ಮಲಗಿದ್ದ. ಬೇವಿನ ನೆರಳು ಸರಿದು ಬಿಸಿಲು ಮುಖಕ್ಕೆ ಬಂದಿತ್ತು.

"ಬೀಗರು ಹೊಂಟಾರ, ಎಬ್ಬಸು ನಿಮ್ಮ ಮಾವನ್ನ" ಎಂದಳು ಅತ್ತೆ.

ನಾನು ತೋಟದಿಂದ ಒಂದು ತಟ್ಟಿ ಬಿಚ್ಚಿ ತಂದು, ನೀರು ಚಿಮುಕಿಸಿ, ಅವನ ಮುಖಕ್ಕೆ ನೆರಳಾಗುವಂತೆ ಹಿಡಿದು ನಿಂತೆ.

"ಬ್ಯಾಡತ್ತಿ. ಮಲಗಲಿ."