ಅಳಿಯನ ಉಷ್ಣ

ಅಫ್ಸರ್ ಪಾಷಾನ ಬಾಯಿಗೆ ಮಾಂಸದ ತುಂಡು ಬಿದ್ದು ಅಂದಿಗೆ ಹತ್ತೊಂಬತ್ತು ದಿನವಾಗಿತ್ತು. ಮಳವಳ್ಳಿಯಲ್ಲಿ ಕುರಿಗಳಿಗೇನೂ ಬರ ಬಂದಿರಲಿಲ್ಲ. ಮನೆಗೆ ಅತ್ತೆ ಬಂದಿದ್ದರು.

ಮಗಳನ್ನು ನೋಡಿಕೊಂಡು ಹೋಗಲು ಮದ್ದೂರಿನಿಂದ ಬಂದ ಜಾನ್ ಬೀ, ಜಟಕಾದಿಂದ ಇಳಿದವರೇ ಅಳಿಯನ ಮುಖ ನೋಡಿದರು. ಹಣೆಯ ಮೇಲೆ ಒಂದು ಗುಳ್ಳೆ, ಕಣ್ಣು ಕೊಂಚ ಕೆಂಪು. (ಯುದ್ಧ ಶುರುವಾಗಿ ಪೆಟ್ರೋಲು ಕಾಣೆಯಾದ ಮೇಲೆ ಹಲಗೂರಿನ ಬಸ್ಸು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಅದರ ಒಲೆಯ ಮುಂದೆ ದಿನವಿಡೀ ನಿಲ್ಲುವ ಪಾಷಾನಂಥ ಯಾವ ಮೆಕ್ಯಾನಿಕ್ಕನ ಕಣ್ಣಾದರೂ ಕೆಂಪಾಗಿಯೇ ಇರುತ್ತದೆ. ಈ ಮಾತನ್ನು ಕೇಳುವವರು ಯಾರು?)

"ಯಾ ಅಲ್ಲಾ! ಉಷ್ಣ ಕಣೇ ಮೆಹರು, ಮೈಯೆಲ್ಲ ಉಷ್ಣ! ಏನು ಹಾಕಿ ಸಾಕ್ತಿದ್ದೀಯ ಈ ಮನುಷ್ಯನ್ನ?"

ಮೆಹರುನ್ನೀಸಾ ಉತ್ತರ ಕೊಡುವಷ್ಟರಲ್ಲಿ ಅಡುಗೆಮನೆ ಕೈಬದಲಾಗಿತ್ತು. ಮಾಂಸ, ಮೊಟ್ಟೆ, ಚಹಾ, ಮಾವಿನಹಣ್ಣು ನಾಲ್ಕಕ್ಕೂ ಗಡೀಪಾರು. ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ಮಧ್ಯಾಹ್ನ ಬೂದುಗುಂಬಳ, ಸಂಜೆ ಮಜ್ಜಿಗೆ. ಮರುದಿನ ಬೇಸರವಾಗಬಾರದೆಂದು ಬೆಳಿಗ್ಗೆ ಮಜ್ಜಿಗೆ, ಸಂಜೆ ಮೆಂತ್ಯ. ಅದು ಮಾವಿನ ಕಾಲ ಬೇರೆ. ಪಾಷಾನಿಗೆ ಅಳು ಬರುವುದೊಂದು ಬಾಕಿ.

ಅವನು ದುಃಖ ತೋಡಿಕೊಂಡದ್ದು ಹಳೆಯ ಗೆಳೆಯ, ಔಷಧದ ಅಂಗಡಿಯ ಕಾಂಪೌಂಡರ್ ಕೆಂಪಸಿದ್ದಯ್ಯನ ಮುಂದೆ.

"ನಿಂಗ್ಯಾವ ಉಸ್ಣಾನೂ ಇಲ್ಲ ಕಣ್ಲಾ," ಎಂದ ಕೆಂಪಸಿದ್ದಯ್ಯ. "ಮೈಯೊಳ್ಗೆ ಯಾವಾಗ್ಲೂ ಒಂದೇ ಅಳ್ತೆ. ಬಿಸ್ಲಾದ್ರೆ ಬೆವ್ರು ಬತ್ತದೆ, ಬೆವ್ರು ಆರ್ದಂಗೆಲ್ಲ ಮೈ ತಣ್ಗಾಯ್ತದೆ. ಚಳಿಯಾದ್ರೆ ನಡುಗ್ತೀಯ, ನಡುಗಿ ನಡುಗಿ ಬಿಸಿಯಾಯ್ತೀಯ. ಜ್ವರ ಬಂದ್ರೆ ಬುಡು, ಅದು ಬ್ಯಾರೆ. ಇಲ್ದಿದ್ರೆ ಏನ್ ತಿಂದ್ರೂ ಈ ಬಾಣದ ಗುರ್ತು ಬುಟ್ಟು ಅಳ್ಳಾಡಾಕಿಲ್ಲ." ಹಾಗೆಂದು ಜ್ವರ ನೋಡುವ ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು ತೊಂಬತ್ತೆಂಟರ ಪಕ್ಕದ ಬಾಣವನ್ನು ತೋರಿಸಿದ.

"ನೀರು ಹಾಕೋರು, ಗಾಳಿ ಬಿಡೋರು ಯಾರು ಒಳಗೆ?"

"ಯಾರೂ ಇಲ್ಲ. ಅದ್ರ ಪಾಡಿಗೆ ಅದೇ ನೋಡ್ಕತದೆ."

ಪಾಷಾನಿಗೆ ಈ ಮಾತು ಅಷ್ಟಾಗಿ ಹಿಡಿಸಲಿಲ್ಲ. ಸಣ್ಣ ಏರು ಹತ್ತಿದರೂ ಬಸ್ಸು ಕುದಿಯುತ್ತದೆ. ಅವನೇ ತಗಡಿನ ಡಬ್ಬದಲ್ಲಿ ನೀರು ಹೊತ್ತು ಓಡಬೇಕು. ಮೆಕ್ಯಾನಿಕ್ಕೇ ಇಲ್ಲದೆ ತನ್ನ ಪಾಡಿಗೆ ತಾನು ಸರಿಯಿರುವ ಎಂಜಿನನ್ನು ಅವನು ಹದಿನೈದು ವರ್ಷದಲ್ಲಿ ಕಂಡಿರಲಿಲ್ಲ. ಆದರೂ ಕುರಿಮಾಂಸದ ಆಸೆಗೆ ಒಪ್ಪಿಕೊಂಡು ಕಡ್ಡಿಯನ್ನು ಎರವಲು ಕೇಳಿದ.

"ಇರೋದೊಂದೇ ಕಣ್ಲಾ ಪಾಷಾ. ಯುದ್ಧದ ಕಾಲ, ಇನ್ನೊಂದು ಬೇಕಂದ್ರೆ ಸಿಗಾಕಿಲ್ಲ. ಮಗೀನಂಗೆ ನೋಡ್ಕೊ."

ಅಂದೇ ಅತ್ತೆ ಅಳಿಯನ ನಡುವೆ ಒಪ್ಪಂದವಾಯಿತು. ಶುಕ್ರವಾರ ಮಧ್ಯಾಹ್ನ ಕೆಂಪಸಿದ್ದಯ್ಯನ ಸಮ್ಮುಖದಲ್ಲಿ ಪಾಷಾ ಕಡ್ಡಿ ಬಾಯಲ್ಲಿಟ್ಟು ನೋಡತಕ್ಕದ್ದು. ಆಮೇಲೆ ಮಾಂಸ, ಎರಡು ಮಾವಿನಹಣ್ಣು ತಿಂದು ಮತ್ತೆ ನೋಡತಕ್ಕದ್ದು. ಪಾದರಸ ಏರದಿದ್ದರೆ ಅಡುಗೆಮನೆ ಮೆಹರುನ್ನೀಸಾಗೆ ವಾಪಸ್ಸು. ಏರಿದರೆ ಮೊಹರಂ ತನಕ ಬೂದುಗುಂಬಳ. ಜಾನ್ ಬೀ ಒಂದೇ ಮಾತಿಗೆ ಒಪ್ಪಿದರು. ಅವರಿಗೆ ಅನುಮಾನವೇ ಇರಲಿಲ್ಲ.

ಪಾಷಾ ಗುಟ್ಟಾಗಿ ತಾಲೀಮು ಶುರುಮಾಡಿದ. ಬಸ್ಸಿನ ಇದ್ದಿಲೊಲೆಯ ಪಕ್ಕ ಅಂಗಿ ಹಿಂಡುವಷ್ಟು ಬೆವರುವ ತನಕ ಕೂತು, ಕಡ್ಡಿ ಕೊಡವಿ, ನಾಲಿಗೆಯಡಿ ಇಟ್ಟು ನೋಡಿದ. ಬಾಣ. ಬೆಳಗಿನ ಜಾವ ಬಾವಿಯ ನೀರು ಹನ್ನೆರಡು ಕೊಡ ಹುಯ್ದುಕೊಂಡು, ಹಲ್ಲು ಕಟಕಟ ಎನ್ನುವಾಗ ನೋಡಿದ. ಬಾಣ. ಅತ್ತೆಗೆ ಕಾಣದಂತೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಆರು ಮೆಣಸಿನಕಾಯಿ ಬೋಂಡಾ ತಿಂದು ನೋಡಿದ. ಅದೇ ಬಾಣ.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಪಾಷಾನ ಮುಖ ಇಳಿದುಹೋಯಿತು. ಮುಳ್ಳು ಕದಲದ ಮೀಟರನ್ನು ಮೆಕ್ಯಾನಿಕ್ಕು ಏನೆನ್ನುತ್ತಾನೆ? ಕೆಟ್ಟಿದೆ ಎನ್ನುತ್ತಾನೆ. ಅಂಥವನ್ನು ಅವನೇ ಮೂರು ಕಿತ್ತು ಬಿಸಾಕಿದ್ದ.

ಮೆಹರುನ್ನೀಸಾ ಕೂಡ ಸುಮ್ಮನಿರಲಿಲ್ಲ. "ಯಾವಾಗಿಟ್ಟರೂ ಅದೇ ತೋರ್ಸತ್ತೆ ಅಂತೀರ. ಅಮ್ಮ ಅದನ್ನೇ ಹಿಡ್ಕೊಂಡು, ಸತ್ತ ಮೀಟರು ತಂದು ನನ್ನ ಕಣ್ಣಿಗೆ ಮಣ್ಣೆರಚ್ತೀರಾ ಅಂದ್ರೆ? ನನ್ನ ಅಡುಗೆಮನೆ ಗತಿ ಏನ್ರೀ?"

ಆ ಮಾತು ನಾಟಿತು. ಶುಕ್ರವಾರ ನಮಾಜು ಮುಗಿದು, ಮನೆಯಲ್ಲಿ ಮಾಂಸ ಕುದಿಯುತ್ತಿದ್ದಾಗ, ಪಾಷಾ ಬಸ್ ನಿಲ್ದಾಣಕ್ಕೆ ನಡೆದ. ಹಲಗೂರಿನ ಬಸ್ಸು ಆಗತಾನೇ ಬಂದು ಬುಸುಗುಟ್ಟುತ್ತಿತ್ತು. ಬಟ್ಟೆ ಸುತ್ತಿದ ಕೈಯಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕುದಿಯುವ ನೀರಿಗೆ ಕಡ್ಡಿಯ ತುದಿಯನ್ನು ಮೆಲ್ಲಗೆ ಅದ್ದಿದ. ಪಾದರಸ ಸರ್ರನೆ ಏರಿತು. ಮೀಟರು ಸರಿಯಿದೆ! ಹಾಗಾದರೆ ಸರಿಯಿರುವುದು ತನ್ನ ಮೈ! ಪಾಷಾನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಶಹಬ್ಬಾಸ್!" ಎಂದ.

ಕಡ್ಡಿ ಟಿಕ್ ಎಂದಿತು.

ಮನೆಗೆ ಬಂದಾಗ ಕೆಂಪಸಿದ್ದಯ್ಯ ಚಾಪೆಯ ಮೇಲೆ ಕೂತು ಮಸಾಲೆಯ ಘಮಕ್ಕೆ ಕಣ್ಣುಮುಚ್ಚಿದ್ದ. ಪಾಷಾ ಗಾಜಿನ ಮೋಟುತುಂಡನ್ನು ಮುಂದಿಟ್ಟ.

"ಅಯ್ಯಯ್ಯೋ! ಎಲ್ಲೊಡೀತ್ಲಾ?"

ಮಗುವಿನಂತೆ ನೋಡಿಕೋ ಎಂದು ಕೊಟ್ಟದ್ದನ್ನು ರೇಡಿಯೇಟರಿಗೆ ಅದ್ದಿದೆ ಎನ್ನಲು ಪಾಷಾನಿಗೆ ನಾಲಿಗೆ ಹೊರಳಲಿಲ್ಲ.

"ಬಾಯಲ್ಲಿ," ಎಂದ.

ಜಾನ್ ಬೀ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಕಾಂಪೌಂಡರ್ ಸಾಹೇಬ್ರೇ, ಇದು ಒಡೀಬೇಕಾದ್ರೆ ಎಷ್ಟು ಶಾಖ ಬೇಕು?"

"ನೂರತ್ತರ ಗಂಟ ಗುರ್ತವೆ ಕಣಮ್ಮ. ಅದ್ನೂ ದಾಟಬೇಕು."

"ಕೇಳಿದ್ಯಾ ಮೆಹರು? ಇನ್ನೂ ತುತ್ತು ಬಾಯಿಗಿಟ್ಟಿಲ್ಲ!"

ಪಾಷಾ ಗೆಳೆಯನ ಕಡೆ ದೀನನಾಗಿ ನೋಡಿದ. ಗೆಳೆಯನಿಗೆ ಬೇರೆಯೇ ಚಿಂತೆ ಹತ್ತಿತ್ತು.

"ಪಾದರಸ ನುಂಗ್ದೇನ್ಲಾ?"

"ಇಲ್ಲ ಮಾರಾಯ."

"ನುಂಗ್ದೋರೂ ಅಂಗೇ ಅಂತಾರೆ. ಅಮ್ಮ, ಒಂದು ಲೋಟ ಅಳ್ಳೆಣ್ಣೆ ಕುಡ್ಸಿ. ಮೂರು ದಿನ ಗಂಜಿ ಬುಟ್ಟು ಬ್ಯಾರೇನೂ ಕೊಡ್‌ಬ್ಯಾಡಿ."

ಹರಳೆಣ್ಣೆ ಬಂತು. ಪಾಷಾ ಕುಡಿದ. ಮಾಡಿದ ಅಡುಗೆ ಹಾಳಾಗಬಾರದೆಂದು ಜಾನ್ ಬೀ ಕಾಂಪೌಂಡರಿಗೇ ತಟ್ಟೆ ಹಾಕಿದರು. ಕೆಂಪಸಿದ್ದಯ್ಯ ಎರಡು ತಟ್ಟೆ ಮಾಂಸ, ಪಾಷಾನಿಗೆಂದು ಎತ್ತಿಟ್ಟಿದ್ದ ಎರಡೂ ಮಾವಿನಹಣ್ಣು ಮುಗಿಸಿದ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ನೋಡಿ ಬೇಟಾ," ಎಂದರು ಜಾನ್ ಬೀ ಅಳಿಯನಿಗೆ, ಬೀಸಣಿಗೆಯಿಂದ ಅತಿಥಿಗೆ ಗಾಳಿ ಹಾಕುತ್ತ. "ಮೈ ಅಂದ್ರೆ ಹೀಗಿರ್ಬೇಕು. ಎಷ್ಟು ತಿಂದ್ರೂ ಶಾಖ ಆಚೆ ಹೋಗ್ತಾ ಇದೆ."

ಕೆಂಪಸಿದ್ದಯ್ಯ ಬಾಯಿ ತುಂಬ ಮಾವು ಇಟ್ಟುಕೊಂಡೇ ಹೌದೆಂದು ತಲೆಯಾಡಿಸಿದ.